ಹರಾಜಿನಲ್ಲಿ ವರಹ ಕೊಳ್ಳುವವರಿಗೆ: ಹಳೆಯ ಚಿನ್ನದ ನಾಣ್ಯ ಸಂಗ್ರಹದ ಸಮಗ್ರ ಮಾರ್ಗದರ್ಶಿ

ನಾಣ್ಯ ಹರಾಜಿನಲ್ಲಿ ಒಂದು ಲಾಟ್, ಅಂದರೆ ಒಂದು ಸಂಖ್ಯೆಯಡಿ ಹರಾಜಿಗಿಟ್ಟ ನಾಣ್ಯ ಅಥವಾ ನಾಣ್ಯಗಳ ಗುಂಪು, ಮುಗಿಯಲು ಹೆಚ್ಚು ಹೊತ್ತು ಬೇಡ. ಸಂಖ್ಯೆ ಕೂಗುತ್ತಾರೆ, ಪರದೆಯ ಮೇಲೆ ಚಿತ್ರ ಬರುತ್ತದೆ, ಸಭಾಂಗಣದಲ್ಲಿ ಎರಡು ಕೈ ಏಳುತ್ತವೆ, ಆನ್‌ಲೈನಿನಿಂದ ಮೂರನೆಯವರು ಸೇರಿಕೊಳ್ಳುತ್ತಾರೆ, ಸುತ್ತಿಗೆ ಬೀಳುತ್ತದೆ. ಆಗ ಯೋಚಿಸಲು ಕುಳಿತವರು ನಾಣ್ಯ ಕಳೆದುಕೊಳ್ಳುತ್ತಾರೆ, ಇಲ್ಲವೇ ದುಡ್ಡು ಕಳೆದುಕೊಳ್ಳುತ್ತಾರೆ. ಯೋಚನೆಯೆಲ್ಲ ಅದಕ್ಕೆ ಕೆಲವು ವಾರಗಳ ಮೊದಲೇ ಮುಗಿದಿರಬೇಕು. ಈ ಬರಹದ ಬಹುಪಾಲು ಆ ವಾರಗಳ ಕೆಲಸದ ಬಗ್ಗೆಯೇ ಇದೆ.

ಜಗತ್ತಿನ ಎಲ್ಲ ಚಿನ್ನದ ನಾಣ್ಯಗಳ ಬಗ್ಗೆ ಹೇಳಹೊರಟರೆ ಯಾವುದರ ಬಗ್ಗೆಯೂ ಹೇಳಿದಂತಾಗುವುದಿಲ್ಲ. ಆದ್ದರಿಂದ ಕರ್ನಾಟಕದ ಅರಸರು ಹೊರಡಿಸಿದ ನಾಣ್ಯಗಳನ್ನೇ, ಅದರಲ್ಲೂ ವಿಜಯನಗರದ ವರಹ ಎಂಬ ಚಿನ್ನದ ನಾಣ್ಯವನ್ನು, ಎದುರಿಗಿಟ್ಟುಕೊಂಡು ಹೇಳುತ್ತೇನೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ವರಹದ ತೂಕ ಸುಮಾರು 3.4 ಗ್ರಾಂ, ಅರ್ಧ ವರಹದ್ದು 1.7 ಗ್ರಾಂ. ಹನ್ನೊಂದು ಗ್ರಾಂ ತೂಗುವ ಮೊಹರು ಎಂಬ ಚಿನ್ನದ ನಾಣ್ಯಕ್ಕೆ ಹೋಲಿಸಿದರೆ ಇದರಲ್ಲಿರುವ ಚಿನ್ನ ಕಡಿಮೆ, ಹಾಗಾಗಿ ಮಧ್ಯಮ ವರ್ಗದ ಕೈಗೂ ಎಟುಕುತ್ತದೆ. ಮೇಲಿನ ಬರಹವೋ ನಾಗರಿ ಇಲ್ಲವೇ ಕನ್ನಡ, ಓದಲು ಪರರ ಸಹಾಯ ಬೇಕಿಲ್ಲ.

ಯಾವುದನ್ನು ಸಂಗ್ರಹಿಸುವುದು?

"ಹಳೆಯ ಚಿನ್ನದ ನಾಣ್ಯ ಯಾವುದಾದರೂ ಸರಿ" ಎಂದು ಹೊರಟವರ ಪೆಟ್ಟಿಗೆಯಲ್ಲಿ ಕೊನೆಗೆ ಚಿನ್ನವಿರುತ್ತದೆ, ಸಂಗ್ರಹ ಇರುವುದಿಲ್ಲ. ಒಂದು ರಾಜವಂಶ, ಒಂದು ಕಾಲ ಅಥವಾ ಒಂದು ಮುಖಬೆಲೆಯನ್ನು ಹಿಡಿದುಕೊಳ್ಳಿ.

ಕಲ್ಯಾಣದ ಚಾಲುಕ್ಯರ ಕಾಲದ ಗದ್ಯಾಣ ಎಂಬ ಚಿನ್ನದ ನಾಣ್ಯಗಳು ನೋಡಲು ವಿಚಿತ್ರ. ಬಿಲ್ಲೆಯ ಮೇಲೆ ಬೇರೆ ಬೇರೆ ಮುದ್ರೆಗಳನ್ನು ಒಂದೊಂದಾಗಿ ಒತ್ತಿರುವುದರಿಂದ ಕೆಲವು ಬಟ್ಟಲಿನಂತೆ ಬಾಗಿರುತ್ತವೆ. ಶಾಸನಗಳಲ್ಲಿ ಕಾಣುವ ಲೊಕ್ಕಿ ಗದ್ಯಾಣ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯ ಟಂಕಸಾಲೆಯ ಹೆಸರನ್ನೇ ಹೊತ್ತಿದೆ. ಗಂಗರದೆಂದು ಮಾರಾಟವಾಗುವ ಆನೆಯ ನಾಣ್ಯಗಳು ಚೆಂದವೇನೋ ಹೌದು. ಒಂದು ಬದಿ ಅಲಂಕೃತ ಆನೆ, ಇನ್ನೊಂದು ಬದಿ ಬಳ್ಳಿಯ ವಿನ್ಯಾಸ. ಆದರೆ ಅವುಗಳ ಮೇಲೆ ಅಕ್ಷರವೇ ಇಲ್ಲ. ಯಾರು ಹೊರಡಿಸಿದರು ಎಂಬ ಚರ್ಚೆ ಮುಗಿದಿಲ್ಲ, ನಕಲುಗಳೂ ಬೇಕಾದಷ್ಟಿವೆ. ಮೊದಲ ಖರೀದಿಗೆ ಇವು ಬೇಡ.

ಹೊಯ್ಸಳರ ನಾಣ್ಯ ಕನ್ನಡಿಗರ ಆಸೆಯ ತುತ್ತತುದಿ. ವಿಷ್ಣುವರ್ಧನನ ಗದ್ಯಾಣದ ಒಂದು ಬದಿಯಲ್ಲಿ ಸಿಂಹ, ಇನ್ನೊಂದು ಬದಿಯಲ್ಲಿ ಮೂರು ಸಾಲಿನ ಕನ್ನಡ: "ಶ್ರೀ ತಲಕಾಡುಗೊಂಡ". 1116ರಲ್ಲಿ ಚೋಳರಿಂದ ತಲಕಾಡನ್ನು ಕಿತ್ತುಕೊಂಡ ಸುದ್ದಿ ಚಿನ್ನದ ಮೇಲೆಯೇ ಅಚ್ಚಾಗಿದೆ. ಇನ್ನೊಂದು ಬಗೆಯಲ್ಲಿ "ಶ್ರೀ ನೊಣಂಬವಾಡಿಗೊಂಡ" ಎಂದಿದೆ. ಅಕ್ಷರ ಪೂರ್ತಿ ಕಾಣುವ ನಾಣ್ಯಕ್ಕೆ ಪೈಪೋಟಿ ಜೋರು.

ವಿಜಯನಗರದ್ದು ಅತ್ಯಂತ ಅನುಕೂಲದ ಕ್ಷೇತ್ರ. ಬುಕ್ಕರಾಯನ ನಾಣ್ಯದ ಮೇಲಿರುವುದು ಹನುಮನೋ ಗರುಡನೋ ಎಂಬ ವಾದ ಇದ್ದೇ ಇದೆ. ಎರಡನೇ ಹರಿಹರ ಮತ್ತು ದೇವರಾಯರ ಕಾಲದಲ್ಲಿ ಉಮಾಮಹೇಶ್ವರ, ಲಕ್ಷ್ಮೀನಾರಾಯಣರು ಬರುತ್ತಾರೆ. ಕೃಷ್ಣದೇವರಾಯನ ವರಹದಲ್ಲಿ ಬಾಲಕೃಷ್ಣ ಎಂದು ಹೆಚ್ಚಿನವರು ಗುರುತಿಸುವ ಕುಳಿತ ಮೂರ್ತಿ, ಹಿಂದೆ "ಶ್ರೀ ಪ್ರತಾಪ ಕೃಷ್ಣರಾಯ" ಎಂಬ ನಾಗರಿ ಬರಹ. ಉದಯಗಿರಿಯ ವಿಜಯದ ನಂತರ ಅಲ್ಲಿಂದ ತಂದ ಬಾಲಕೃಷ್ಣ ಮೂರ್ತಿಗಾಗಿ ಹಂಪಿಯಲ್ಲಿ ದೇವಸ್ಥಾನ ಕಟ್ಟಿಸಿದ ಅರಸ ಅವನು. ನಾಣ್ಯದ ಚಿತ್ರವನ್ನು ಆ ಘಟನೆಗೆ ಜೋಡಿಸುವವರಿದ್ದಾರೆ. ಅಚ್ಯುತರಾಯನದ್ದರಲ್ಲಿ ಕೊಕ್ಕು ಮತ್ತು ಉಗುರುಗಳಲ್ಲಿ ಆನೆಗಳನ್ನು ಹಿಡಿದ ಗಂಡಭೇರುಂಡ. ಅದೇ ಹಕ್ಕಿ ಇಂದು ನಮ್ಮ ರಾಜ್ಯ ಲಾಂಛನದಲ್ಲಿರುವುದರಿಂದ ಈ ನಾಣ್ಯಕ್ಕೆ ಬೇಡಿಕೆ ಎಂದೂ ಇಳಿಯದು. ರಾಜಧಾನಿ ಪೆನುಗೊಂಡೆ, ಚಂದ್ರಗಿರಿಗಳಿಗೆ ಹೋದ ಕಾಲಕ್ಕೆ ಬಂದರೆ ತಿರುಮಲರಾಯನ ರಾಮ-ಸೀತೆ-ಲಕ್ಷ್ಮಣ, ವೆಂಕಟಪತಿರಾಯನ ವೆಂಕಟೇಶ್ವರ.

ಇಲ್ಲೊಂದು ಮಾತು. ಕೃಷ್ಣದೇವರಾಯನ ವರಹ ಅಪರೂಪದ್ದಲ್ಲ. ಅದರ ಬೆಲೆಯಲ್ಲಿ ಅರಸನ ಹೆಸರಿನ ಪಾಲು ದೊಡ್ಡದು. ಅದೇ ದುಡ್ಡಿಗೆ ದೇವರಾಯನ ಕಾಲದ ಚೆನ್ನಾಗಿ ಅಚ್ಚಾದ ಅರ್ಧ ವರಹಗಳು ಸಿಗುತ್ತವೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವರಹ, ಅದರರ್ಧದ ಪ್ರತಾಪ, ಪ್ರತಾಪದ ಹತ್ತನೇ ಒಂದು ಭಾಗದ ಪಣ ಎಂದು ಲೆಕ್ಕ ಕೊಟ್ಟಿದ್ದಾನೆ. ಅವನು ಕಂಡ ಪ್ರತಾಪವೇ ಈ ಅರ್ಧ ವರಹ. ಮೊದಲ ನಾಣ್ಯ ಯಾವುದಿರಲಿ ಎಂದು ಕೇಳುವವರಿಗೆ ನಾನು ತೋರಿಸುವುದು ಇದನ್ನೇ.

ಮೈಸೂರಿನ ಕಡೆಗೆ ಒಲವಿದ್ದರೆ ಬೇರೊಂದು ದಾರಿ ಇದೆ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ತೆರೆದು ಹೊರಡಿಸಿದ ಕಂಠೀರವ ಹಣ ಎಂಬ ಪುಟ್ಟ ಚಿನ್ನದ ನಾಣ್ಯ ಕಡಲೆಬೇಳೆಯಷ್ಟಿದೆ. ತೂಕ ಗ್ರಾಂನ ಮೂರನೇ ಒಂದು ಭಾಗದ ಆಸುಪಾಸು, ಮೇಲೆ ನರಸಿಂಹ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ, ಅಲ್ಲಿ ಆಳಿದ ಕೆಳದಿ ನಾಯಕರ ಇಕ್ಕೇರಿ ವರಹದ ಶಿವ-ಪಾರ್ವತಿಯರನ್ನು ಮುಟ್ಟದೆ ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ನಿನಲ್ಲಿ ಹಾಕಿಸಿದ. ವ್ಯಾಪಾರಿಗಳು ನಂಬಿದ ನಾಣ್ಯದ ಮುಖ ಬದಲಿಸುವುದು ಜಾಣತನವಲ್ಲ ಎಂದು ಅವನಿಗೆ ಗೊತ್ತಿತ್ತು. ಟಿಪ್ಪು ಎಲ್ಲವನ್ನೂ ಬದಲಿಸಿದ. ಮೊಹರಿಗೆ ಅಹಮದಿ, ಅರ್ಧ ಮೊಹರಿಗೆ ಸಿದ್ದಿಕಿ, ವರಹಕ್ಕೆ ಫಾರೂಕಿ, ಹಣಕ್ಕೆ ರಾಹತಿ ಎಂದು ಹೆಸರಿಟ್ಟ. ಮೌಲೂದಿ ಶಕೆ ಎಂಬ ಹೊಸ ಕಾಲಗಣನೆ ತಂದು ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಇದನ್ನು ತಿಳಿಯದೆ ಓದಿದರೆ 1215 ಎಂಬುದು 5121 ಆಗುತ್ತದೆ. ಟಿಪ್ಪುವಿನ ಮೊಹರು ಮಾತ್ರ ಆಳವಾದ ಜೇಬಿನವರ ವಿಷಯ, ವಿದೇಶಿ ಸಂಗ್ರಾಹಕರೂ ಅದರ ಹಿಂದೆ ಬಿದ್ದಿರುತ್ತಾರೆ.

ಕಾನೂನಿನ ಗೆರೆ

ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ಇದು ಜಾರಿಗೆ ಬಂದದ್ದು 1976ರ ಏಪ್ರಿಲ್‌ನಲ್ಲಿ. ಕೊಂಡು ಮನೆಯಲ್ಲಿಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಮಾರುವುದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಮಾತ್ರ ಪರವಾನಗಿ ಬೇಕು. ದೇಶದ ಹೊರಗೆ ಒಯ್ಯುವಂತಿಲ್ಲ. ಕೊಂಡ ರಸೀದಿ ಇದೆ, ನನ್ನದೇ ಆಸ್ತಿ ಎಂದು ವಿಮಾನ ನಿಲ್ದಾಣದಲ್ಲಿ ವಾದಿಸಿದರೆ ನಾಣ್ಯದ ಜೊತೆಗೆ ನೆಮ್ಮದಿಯೂ ಹೋಗುತ್ತದೆ. ಹೀಗಾಗಿ ಅಮೆರಿಕದಲ್ಲೋ ಕೊಲ್ಲಿಯಲ್ಲೋ ನೆಲೆಸಿರುವ ಕನ್ನಡಿಗರು ಬೆಂಗಳೂರಿನ ಹರಾಜಿನಲ್ಲಿ ವರಹ ಕೊಂಡರೆ ಅದು ಊರಿನ ಮನೆಯಲ್ಲೇ ಉಳಿಯಬೇಕು. ತಾವಿರುವಲ್ಲೇ ಇಟ್ಟುಕೊಳ್ಳುವ ಆಸೆಯಿದ್ದರೆ ಲಂಡನ್ ಅಥವಾ ಅಮೆರಿಕದ ಹರಾಜುಗಳಲ್ಲಿ ಕೊಳ್ಳುವುದು ಮೇಲು. ಅಲ್ಲಿ ದಕ್ಷಿಣ ಭಾರತದ ಚಿನ್ನ ಆಗಾಗ ಬರುತ್ತಲೇ ಇರುತ್ತದೆ. ಅಲ್ಲಿಂದ ಭಾರತಕ್ಕೆ ತರಿಸುವುದಾದರೆ ಸುಂಕದ ಲೆಕ್ಕವನ್ನು ಬಿಡ್ ಮಾಡುವ ಮೊದಲೇ ಕಸ್ಟಮ್ಸ್ ಏಜೆಂಟರಿಂದ ಕೇಳಿಕೊಳ್ಳಿ.

ಎರಡನೆಯದು ನಿಧಿ. ನೆಲದಲ್ಲಿ ಸಿಕ್ಕ ಹಳೆಯ ಚಿನ್ನ ಸಿಕ್ಕವರದ್ದಾಗುವುದಿಲ್ಲ. 1878ರ ಕಾಯ್ದೆಯ ಕಾಲದಿಂದಲೂ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. "ಮನೆಯ ಪಾಯ ತೋಡುವಾಗ ಕುಡಿಕೆ ಸಿಕ್ಕಿತು, ಅರ್ಧ ಬೆಲೆಗೆ ಕೊಡುತ್ತೇವೆ" ಎಂಬ ಫೋನ್ ಬಂದರೆ ಎರಡೇ ಸಾಧ್ಯತೆ: ಅದು ನಿಜವಾಗಿದ್ದರೆ ಕೊಳ್ಳುವುದು ಅಪರಾಧ, ಸುಳ್ಳಾಗಿದ್ದರೆ ವಂಚನೆ. ಮೊದಲು ಪರೀಕ್ಷೆಗೆಂದು ಒಂದೆರಡು ಅಸಲಿ ಚಿನ್ನದ ತುಣುಕು ಕೊಟ್ಟು, ಆಮೇಲೆ ಹಿತ್ತಾಳೆಯ ಗಂಟು ಕೊಟ್ಟು ಓಡುವ ತಂಡಗಳ ಸುದ್ದಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತದೆ. ಹರಾಜಿನ ದೊಡ್ಡ ಅನುಕೂಲ ಇಲ್ಲಿದೆ. ಹೆಸರಿರುವ ಸಂಸ್ಥೆ, ಮುದ್ರಿತ ಕ್ಯಾಟಲಾಗ್, ಬಿಲ್, ವಿವಾದ ಬಂದರೆ ಹೋಗಿ ಕೇಳಲು ಒಂದು ವಿಳಾಸ.

ಹರಾಜು ಸಂಸ್ಥೆ ಮತ್ತು ನೋಂದಣಿ

ಮುಂಬೈಯ ಟೋಡಿವಾಲಾ, ಓಸ್ವಾಲ್, ಅಹಮದಾಬಾದಿನ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿ, ಬೆಂಗಳೂರಿನ ಮರುಧರ್ ಆರ್ಟ್ಸ್ ದೇಶದಲ್ಲಿ ನಾಣ್ಯ ಹರಾಜು ನಡೆಸುವ ಪರಿಚಿತ ಹೆಸರುಗಳು. ಎಲ್ಲ ಕಡೆಯೂ ನೋಂದಣಿಯ ಕ್ರಮ ಹೆಚ್ಚುಕಡಿಮೆ ಒಂದೇ: ಗುರುತಿನ ಚೀಟಿ, ಪ್ಯಾನ್, ವಿಳಾಸ, ಕೆಲವೊಮ್ಮೆ ಮುಂಗಡ ಠೇವಣಿ ಅಥವಾ ಹಳೆಯ ಸದಸ್ಯರೊಬ್ಬರ ಪರಿಚಯ. ಹರಾಜಿನ ಹಿಂದಿನ ರಾತ್ರಿ ಅರ್ಜಿ ಹಾಕಿದರೆ ಒಪ್ಪಿಗೆ ಸಿಗದೆ ಹೋಗಬಹುದು.

ನೋಂದಣಿಗಿಂತ ಮುಖ್ಯವಾದದ್ದು ನಿಯಮಾವಳಿ. ಕ್ಯಾಟಲಾಗಿನ ಮೊದಲ ಅಥವಾ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುವುದರಿಂದ ಯಾರೂ ಓದುವುದಿಲ್ಲ. ಅಲ್ಲಿ ಹುಡುಕಬೇಕಾದವು ಇಷ್ಟು: ಕೊಳ್ಳುವವರ ಕಮಿಷನ್ ಶೇಕಡಾ ಎಷ್ಟು, ತೆರಿಗೆ ಕಮಿಷನ್ ಮೇಲೆ ಮಾತ್ರವೋ ಪೂರ್ತಿ ಮೊತ್ತದ ಮೇಲೋ, ಎಷ್ಟು ದಿನದೊಳಗೆ ಹಣ ಕಟ್ಟಬೇಕು, ನಾಣ್ಯ ನಕಲಿ ಎಂದು ಸಾಬೀತಾದರೆ ಎಷ್ಟು ದಿನದೊಳಗೆ, ಯಾರ ಅಭಿಪ್ರಾಯದ ಆಧಾರದಲ್ಲಿ ಹಿಂದಿರುಗಿಸಬಹುದು. ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಇಲ್ಲದ ಸಂಸ್ಥೆಯಲ್ಲಿ ನಾನು ಚಿನ್ನ ಕೊಳ್ಳುವುದಿಲ್ಲ.

ಕ್ಯಾಟಲಾಗ್ ಓದುವ ಬಗೆ

ಒಂದು ಲಾಟಿನ ವಿವರಣೆ ಸಾಮಾನ್ಯವಾಗಿ ಹೀಗಿರುತ್ತದೆ: ವಿಜಯನಗರ, ಕೃಷ್ಣದೇವರಾಯ, ಚಿನ್ನದ ವರಹ, 3.38 ಗ್ರಾಂ, ಮುಮ್ಮುಖದಲ್ಲಿ ಕುಳಿತ ಬಾಲಕೃಷ್ಣ, ಹಿಮ್ಮುಖದಲ್ಲಿ ಮೂರು ಸಾಲಿನ ನಾಗರಿ ಬರಹ, ಗುಣಮಟ್ಟ "ವೆರಿ ಫೈನ್", ಅಪರೂಪ. ಕೆಳಗೆ ಅಂದಾಜು ಬೆಲೆ.

ಮೊದಲು ತೂಕ ನೋಡಿ. 3.4ರ ಆಸುಪಾಸು ಇದ್ದರೆ ಸರಿ. 3.1 ಎಂದಿದ್ದರೆ ಯಾರೋ ಅಂಚು ಕತ್ತರಿಸಿರಬಹುದು, ಉಜ್ಜಿರಬಹುದು, ಅಥವಾ ನಾಣ್ಯವೇ ಬೇರೆ. 3.6 ಎಂದಿದ್ದರೆ ಇನ್ನೂ ಹೆಚ್ಚು ಅನುಮಾನಿಸಬೇಕು; ಚಿನ್ನದ ನಾಣ್ಯ ಸವೆಯುತ್ತದೆ, ಬೆಳೆಯುವುದಿಲ್ಲ. ಬೆಸುಗೆ ಅಂಟಿಕೊಂಡಿದ್ದರೆ ತೂಕ ಏರುವುದುಂಟು.

ಆಮೇಲೆ ಚಿತ್ರ. ವರಹದ ಅಡ್ಡಳತೆ ಹನ್ನೆರಡು ಮಿಲಿಮೀಟರಿನ ಸುತ್ತಮುತ್ತ. ಕ್ಯಾಟಲಾಗಿನಲ್ಲಿ ಅಥವಾ ಮೊಬೈಲ್ ಪರದೆಯಲ್ಲಿ ಅದನ್ನು ಅಂಗೈಯಗಲ ಹಿಗ್ಗಿಸಿರುತ್ತಾರೆ. ಅಷ್ಟು ಹಿಗ್ಗಿಸಿದಾಗ ಕಾಣುವ ಸಣ್ಣ ಗೀರುಗಳಿಗೆ ಹೆದರಬೇಡಿ, ಕಾಣದೆ ಹೋದ ಅಕ್ಷರಗಳನ್ನು ಎಣಿಸಿ. ಆ ಕಾಲದ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿತ್ತು. ಆದ್ದರಿಂದ ಬರಹ ಪೂರ್ತಿ ಕೂತ ನಾಣ್ಯ ಕಡಿಮೆ. "ಶ್ರೀ ಪ್ರ", "ತಾಪ ಕೃಷ್ಣ", "ರಾಯ" ಎಂಬ ಮೂರು ಸಾಲುಗಳಲ್ಲಿ ಕೊನೆಯದು ಅಂಚಿನಾಚೆ ಹೋಗಿರುವುದೇ ಹೆಚ್ಚು. ಎರಡು ವರಹಗಳು ಒಂದೇ ದರ್ಜೆಯವು ಎಂದು ಬರೆದಿದ್ದರೂ ಅಕ್ಷರ ಪೂರ್ತಿಯಿರುವ, ದೇವರ ಮುಖ ಸವೆಯದಿರುವ ನಾಣ್ಯಕ್ಕೆ ಹೆಚ್ಚು ಬೆಲೆ ಕೊಡಬಹುದು. ದೇವರ ಮೂಗು, ಮೊಣಕಾಲು, ಹೊಟ್ಟೆ ಎತ್ತರದ ಭಾಗಗಳು. ಮೊದಲು ಸವೆಯುವುದು ಅವೇ.

"ಆರ್", "ಆರ್‌ಆರ್", "ಆರ್‌ಆರ್‌ಆರ್" ಎಂದು ಅಪರೂಪವನ್ನು ಸೂಚಿಸುವ ಪದ್ಧತಿ ಇದೆ. ಅದನ್ನು ಬರೆಯುವವರು ಮಾರುವವರ ಕಡೆಯವರು ಎಂಬುದನ್ನು ಮರೆಯದೆ ಓದಿದರೆ ಸಾಕು. ಎನ್‌ಜಿಸಿ, ಪಿಸಿಜಿಎಸ್ ಎಂಬ ಅಮೆರಿಕದ ಸಂಸ್ಥೆಗಳು 70 ಅಂಕಗಳ ಮಾನದಂಡದಲ್ಲಿ ದರ್ಜೆ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಟ್ಟ ನಾಣ್ಯಗಳೂ ಬರುತ್ತವೆ. ಹೊಸಬರಿಗೆ ಇದು ಒಂದು ಭರವಸೆ. ಆದರೆ ಕವಚದ ಮೇಲೆ ಅಂಕದ ಬದಲು "ಡೀಟೇಲ್ಸ್" ಎಂದಿದ್ದರೆ ಆ ನಾಣ್ಯವನ್ನು ಉಜ್ಜಿದ್ದಾರೆ, ಆಭರಣಕ್ಕೆ ಬಳಸಿದ್ದಾರೆ ಅಥವಾ ತಿದ್ದಿದ್ದಾರೆ ಎಂದರ್ಥ.

ಹಳೆಯ ಹರಾಜುಗಳ ಮಾರಾಟ ಬೆಲೆಗಳನ್ನು ಬಹುತೇಕ ಸಂಸ್ಥೆಗಳು ತಮ್ಮ ಜಾಲತಾಣದಲ್ಲೇ ಪ್ರಕಟಿಸುತ್ತವೆ. ನಿಮಗೆ ಬೇಕಾದ ಬಗೆಯ ನಾಣ್ಯ ಹಿಂದೆ ಎಲ್ಲೆಲ್ಲಿ ಬಂದಿತ್ತು, ಎಷ್ಟಕ್ಕೆ ಹೋಯಿತು, ಆ ದಿನ ಚಿನಿವಾರ ಪೇಟೆಯಲ್ಲಿ ಚಿನ್ನದ ದರ ಎಷ್ಟಿತ್ತು ಎಂಬ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಮೂರನೆಯದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಸಾಮಾನ್ಯ ವರಹದ ಬೆಲೆ ಚಿನ್ನದ ದರದ ಜೊತೆಗೇ ಏರುತ್ತದೆ. ನಿಜಕ್ಕೂ ಅಪರೂಪವಾದದ್ದಕ್ಕೆ ಚಿನ್ನದ ದರದ ಪರಿವೆಯೇ ಇರುವುದಿಲ್ಲ. ಯಾವ ನಾಣ್ಯ ಯಾವ ಗುಂಪಿಗೆ ಸೇರಿದ್ದು ಎಂದು ಆ ಪುಸ್ತಕವೇ ಹೇಳುತ್ತದೆ.

ವೀಕ್ಷಣೆಯ ದಿನ

ಹರಾಜಿನ ಮುನ್ನಾ ದಿನ ಅಥವಾ ಅದೇ ದಿನ ಬೆಳಿಗ್ಗೆ ನಾಣ್ಯಗಳನ್ನು ನೋಡಲು ಬಿಡುತ್ತಾರೆ. ಇಡೀ ಪ್ರಕ್ರಿಯೆಯಲ್ಲಿ ತಪ್ಪಿಸಿಕೊಳ್ಳಬಾರದ ಹೊತ್ತು ಇದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಮತ್ತು ಲಾಟ್ ಸಂಖ್ಯೆಗಳ ಪಟ್ಟಿ ಕೈಯಲ್ಲಿರಲಿ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ, ಮೇಜಿನ ಮೇಲಿನ ಮೆತ್ತನೆಯ ಬಟ್ಟೆಯಿಂದ ಹೆಚ್ಚು ಮೇಲೆತ್ತಬೇಡಿ.

ಮೊದಲು ನೋಡಬೇಕಾದದ್ದು ಚಿತ್ರವನ್ನಲ್ಲ, ಅಂಚನ್ನು. ದಕ್ಷಿಣ ಭಾರತದ ಚಿನ್ನದ ನಾಣ್ಯಗಳ ಬದುಕಿನ ಒಂದು ಭಾಗ ಹೆಂಗಸರ ಕೊರಳಲ್ಲಿ ಕಳೆದಿರುತ್ತದೆ. ಕಾಸಿನ ಸರಕ್ಕೆ ಪೋಣಿಸಲು ಅಕ್ಕಸಾಲಿಗರು ಕೊಂಡಿ ಬೆಸೆದಿರುತ್ತಾರೆ. ಮುಂದೆ ಮಾರುವಾಗ ಆ ಕೊಂಡಿಯನ್ನು ತೆಗೆದು, ಜಾಗವನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಹನ್ನೆರಡು ಗಂಟೆಯ ಜಾಗದಲ್ಲಿ, ಅಂದರೆ ದೇವರ ತಲೆಯ ನೇರಕ್ಕೆ, ಅಂಚನ್ನು ದೀಪಕ್ಕೆ ಓರೆಯಾಗಿ ಹಿಡಿದು ತಿರುಗಿಸಿ. ಉಳಿದ ಅಂಚು ಮಂಕಾಗಿ ಏರಿಳಿತದಿಂದ ಕೂಡಿರುವಾಗ ಒಂದು ಕಡೆ ಮಾತ್ರ ಚಪ್ಪಟೆಯಾಗಿ ಹೊಳೆದರೆ ಅಲ್ಲಿ ಕೊಂಡಿಯಿತ್ತು. ಬೆಸುಗೆ ಉಳಿದಿದ್ದರೆ ಬಣ್ಣವೂ ತುಸು ಬೇರೆ. ಕೆಂಪಗೆ ಅಥವಾ ಬೆಳ್ಳಗೆ ಕಾಣುತ್ತದೆ. ಇಂಥ ನಾಣ್ಯ ನಕಲಿಯಲ್ಲ, ಬೇಡವೆನ್ನುವಂಥದ್ದೂ ಅಲ್ಲ. ಬೆಲೆ ಮಾತ್ರ ಇಳಿಯಬೇಕು. ಕ್ಯಾಟಲಾಗ್ ಅದನ್ನು ಹೇಳದೆ ಬಿಟ್ಟಿದ್ದರೆ ಅದರ ಉಳಿದ ವಿವರಣೆಗಳನ್ನೂ ಎಚ್ಚರದಿಂದ ಓದಿ.

ಅಂಚಾದ ಮೇಲೆ ಖಾಲಿ ಜಾಗ. ಅಚ್ಚೊತ್ತಿದ ನಾಣ್ಯದಲ್ಲಿ ಅಕ್ಷರದ ಬದಿಗಳು ಚೂಪಾಗಿ ಎದ್ದು, ನಡುವಿನ ಬಯಲು ಗಟ್ಟಿಯಾಗಿ ಕಾಣುತ್ತದೆ. ಎರಕ ಹೊಯ್ದ ನಕಲಿನಲ್ಲಿ ಅಕ್ಷರದ ಬುಡ ದುಂಡಗಾಗಿರುತ್ತದೆ, ಬಯಲಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಇರುತ್ತವೆ, ಅಂಚಿನ ಸುತ್ತ ಎರಡು ಅರ್ಧಗಳು ಕೂಡಿದ ಗೆರೆ ಇರಬಹುದು. ಒಂದೇ ಹರಾಜಿನ ಎರಡು ಲಾಟುಗಳಲ್ಲಿ ಒಂದೇ ಗೀರು ಒಂದೇ ಜಾಗದಲ್ಲಿ ಕಂಡರೆ ಎರಡನ್ನೂ ಬಿಟ್ಟುಬಿಡಿ.

ಕಷ್ಟದ ನಕಲು ಬೇರೆ ಇದೆ: ನಿಜವಾದ ಚಿನ್ನದಲ್ಲಿ, ಹೊಸ ಅಚ್ಚಿನಿಂದ, ಇತ್ತೀಚೆಗೆ ಹೊಡೆದದ್ದು. ಲೋಹದ ಪರೀಕ್ಷೆಯಲ್ಲಿ ಇದು ಸರಾಗವಾಗಿ ಪಾಸಾಗುತ್ತದೆ. ಇದಕ್ಕೆ ಮದ್ದು ಕಣ್ಣಿನ ಅಭ್ಯಾಸ ಮಾತ್ರ. ಮುಂಬೈಯಲ್ಲಿರುವ ರಿಸರ್ವ್ ಬ್ಯಾಂಕಿನ ನಾಣ್ಯ ವಸ್ತುಸಂಗ್ರಹಾಲಯದಂಥ ಕಡೆ ಅಸಲಿಗಳನ್ನು ಮತ್ತೆ ಮತ್ತೆ ನೋಡಿ, ನಾಣ್ಯ ಸಂಘಗಳ ಪ್ರದರ್ಶನಗಳಿಗೆ ಹೋಗಿ, ಹಿರಿಯ ಸಂಗ್ರಾಹಕರ ಪಕ್ಕ ಕುಳಿತು ಕೇಳಿ. ಅಂಥವರು ಸಾಮಾನ್ಯವಾಗಿ ಧಾರಾಳಿಗಳು, ಹರಾಜಿನಲ್ಲಿ ನಿಮ್ಮ ಎದುರು ಬಿಡ್ ಮಾಡುವ ಹೊತ್ತೊಂದನ್ನು ಬಿಟ್ಟು. ಹೊಸ ಅಚ್ಚಿನ ನಕಲುಗಳಲ್ಲಿ ಅಕ್ಷರಗಳು ಓದಲು ಅತಿ ಸುಲಭವಾಗಿರುತ್ತವೆ, ಇಂದಿನ ಕೈ ಬರೆದಂತೆ. ರಾಮನ ಪಟ್ಟಾಭಿಷೇಕವಿರುವ ದೊಡ್ಡ ರಾಮಟಂಕಗಳನ್ನು ವಿಜಯನಗರದ್ದೆಂದು ಹೇಳಿ ಮಾರುವವರೂ ಇದ್ದಾರೆ. ಅವು ಪೂಜೆಗಾಗಿ ಮಾಡಿದ ಬಿಲ್ಲೆಗಳು, ಬಹುಪಾಲು ಈಚಿನವು, ಚಲಾವಣೆಯ ನಾಣ್ಯಗಳಲ್ಲ.

ಎಷ್ಟರವರೆಗೆ ಹೋಗುವುದು?

ಮಿತಿಯನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ನಿಮ್ಮ ಕೈಯಿಂದ ಒಟ್ಟು 1,20,000 ರೂಪಾಯಿ ಹೋದರೆ ಪರವಾಗಿಲ್ಲ ಎಂದಿಟ್ಟುಕೊಳ್ಳಿ. ಕಮಿಷನ್, ತೆರಿಗೆ ಎಲ್ಲ ಸೇರಿ ಸುತ್ತಿಗೆ ಬಿದ್ದ ಬೆಲೆಯ ಮೇಲೆ ಶೇ 20 ಬೀಳುತ್ತದೆ ಎಂದು ಉದಾಹರಣೆಗೆ ಹಿಡಿದರೆ ನಿಮ್ಮ ಕೊನೆಯ ಬಿಡ್ 1,00,000. ಅಂಚೆ, ವಿಮೆಗಳನ್ನು ಕಳೆದರೆ 98,000 ಎನ್ನಿ. ಈ ಅಂಕಿಯನ್ನು ಲಾಟ್ ಸಂಖ್ಯೆಯ ಪಕ್ಕ ಪೆನ್ನಿನಲ್ಲಿ ಬರೆಯಿರಿ. ಪೆನ್ಸಿಲ್ ಬೇಡ.

ಬೇಕಾದ ನಾಣ್ಯಗಳನ್ನು ಎರಡು ಗುಂಪು ಮಾಡಿ: ಮತ್ತೆ ಮುಂದಿನ ಹರಾಜಿನಲ್ಲೂ ಸಿಗುವಂಥದ್ದು, ಇನ್ನೊಮ್ಮೆ ಕಾಣುವುದೇ ಅನುಮಾನವಾದದ್ದು. ಮೊದಲ ಗುಂಪಿನಲ್ಲಿ ಮಿತಿಗಿಂತ ಒಂದು ರೂಪಾಯಿಯೂ ಮೇಲೆ ಹೋಗಬೇಡಿ. ಎರಡನೆಯದರಲ್ಲಿ ಮಿತಿಯ ಮೇಲೆ ಇನ್ನೊಂದೆರಡು ಹೆಜ್ಜೆಗೆ ಜಾಗವಿರಲಿ, ಆದರೆ ಆ ಹೆಜ್ಜೆಗಳನ್ನೂ ಮನೆಯಲ್ಲೇ ಬರೆದಿಟ್ಟುಕೊಂಡು ಬನ್ನಿ.

ಹರಾಜಿನ ಹೊತ್ತು

ಬಿಡ್ ಮಾಡಲು ಹಲವು ದಾರಿಗಳಿವೆ. ಮುಂಚಿತವಾಗಿ ಬರೆದುಕೊಟ್ಟರೆ ಸಂಸ್ಥೆಯವರು ನಿಮ್ಮ ಪರವಾಗಿ, ಎದುರಾಳಿಗಿಂತ ಒಂದು ಹೆಜ್ಜೆ ಮೇಲೆ ಮಾತ್ರ ಕೂಗುತ್ತಾರೆ. ಆನ್‌ಲೈನ್ ಆದರೆ ಇಂಟರ್ನೆಟ್ ಕೈಕೊಡುವ ಭಯ, ಕೆಲವು ಕ್ಷಣಗಳ ವಿಳಂಬ. ಮೊದಲ ಸಲಕ್ಕೆ ಸಭಾಂಗಣಕ್ಕೇ ಹೋಗಿ ಕುಳಿತುಕೊಳ್ಳಿ, ಹಿಂದಿನ ಸಾಲಿನಲ್ಲಿ. ಯಾರು ಏನು ಕೊಳ್ಳುತ್ತಾರೆ, ವ್ಯಾಪಾರಿಗಳು ಎಲ್ಲಿ ನಿಲ್ಲಿಸುತ್ತಾರೆ ಎಂದು ಕಾಣುತ್ತದೆ. ವ್ಯಾಪಾರಿಗಳು ಮರುಮಾರಾಟದ ಲಾಭವಿಟ್ಟುಕೊಂಡು ಬಿಡ್ ಮಾಡುವುದರಿಂದ ಅವರು ನಿಲ್ಲಿಸಿದ ಜಾಗದಿಂದ ಒಂದೆರಡು ಹೆಜ್ಜೆ ಮೇಲೆ ಹೋದರೂ ನೀವು ಅಂಗಡಿಯ ಬೆಲೆಗಿಂತ ಕೆಳಗೇ ಇರುತ್ತೀರಿ. ಇಬ್ಬರು ಸಂಗ್ರಾಹಕರ ಜಿದ್ದಿನ ನಡುವೆ ಸಿಕ್ಕಿಕೊಂಡರೆ ಈ ಲೆಕ್ಕ ನಡೆಯದು, ಕೈ ಇಳಿಸಿ.

ಹರಾಜಿನ ಕೊನೆಯ ಭಾಗವನ್ನು ಬಿಟ್ಟು ಊಟಕ್ಕೆ ಹೋಗಬೇಡಿ. ಮೊದಲ ಲಾಟುಗಳಲ್ಲಿ ಜೇಬು ಖಾಲಿಯಾದವರು ಎದ್ದುಹೋಗುತ್ತಾರೆ. ಆಮೇಲೆ ಬರುವ ಮೈಸೂರು ಹಣಗಳಂಥ ಸಣ್ಣ ಲಾಟುಗಳು ಶಾಂತವಾಗಿ ಕೈಸೇರುತ್ತವೆ. ಬಿಕರಿಯಾಗದೆ ಉಳಿದ ಲಾಟುಗಳನ್ನು ಮೂಲ ಬೆಲೆಗೆ ಕೊಡುತ್ತೀರಾ ಎಂದು ಮರುದಿನ ಕೇಳುವುದರಲ್ಲೂ ನಾಚಿಕೆ ಬೇಡ.

ಹಣವನ್ನು ಬ್ಯಾಂಕಿನ ಮೂಲಕವೇ ಕಟ್ಟಿ. ಎರಡು ಲಕ್ಷ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ನಗದನ್ನು ಸ್ವೀಕರಿಸುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ. ಬಿಲ್ಲಿನಲ್ಲಿ "ಹಳೆಯ ನಾಣ್ಯ 1" ಎಂದಷ್ಟೇ ಬರೆದಿದ್ದರೆ ತಿದ್ದಿಸಿ. ಹರಾಜಿನ ದಿನಾಂಕ, ಲಾಟ್ ಸಂಖ್ಯೆ, ಅರಸನ ಹೆಸರು, ತೂಕ ಇರಬೇಕು. ಮುಂದೊಂದು ದಿನ ಮಾರುವಾಗ ಬರುವ ಲಾಭಕ್ಕೆ ತೆರಿಗೆ ಇದೆ, ಆಗ ಕೊಂಡ ಬೆಲೆಗೆ ಇದೊಂದೇ ಆಧಾರ.

ಮನೆಗೆ ಬಂದ ಮೇಲೆ

ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ನಿಮ್ಮದೇ ಪರೀಕ್ಷೆ ಮಾಡಿ. ಅಕ್ಕಸಾಲಿಗರ ಹತ್ತಿರ ಒಯ್ದರೆ ಅಭ್ಯಾಸಬಲದಿಂದ ಒರೆಗಲ್ಲಿಗೆ ಉಜ್ಜಿಬಿಡುತ್ತಾರೆ. ಆ ಒಂದು ಗೀರಿಗೆ ಬೆಲೆಯ ಒಂದು ಭಾಗ ಹೋದಂತೆ. ನಾಣ್ಯಕ್ಕೆ ನೋವಾಗದ ದಾರಿ ನೀರಿನದು. ಮೊದಲು ಗಾಳಿಯಲ್ಲಿ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದು, ತೆಳುವಾದ ದಾರದಲ್ಲಿ ನಾಣ್ಯವನ್ನು ತಳ ಮುಟ್ಟದಂತೆ ಮುಳುಗಿಸಿ ಹಿಡಿದರೆ ತಕ್ಕಡಿ ತೋರಿಸುವ ಅಂಕಿ ಅದು ಸರಿಸಿದ ನೀರಿನ ತೂಕ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 3.40 ಗ್ರಾಂನ ವರಹ 0.20 ಗ್ರಾಂ ನೀರು ಸರಿಸಿದರೆ ಉತ್ತರ 17. ಅಪ್ಪಟ ಚಿನ್ನಕ್ಕೆ 19.3, 22 ಕ್ಯಾರೆಟ್ಟಿಗೆ 17.8ರ ಸುತ್ತ; ಬೆಳ್ಳಿಗೆ ಚಿನ್ನದ ನೀರು ಕುಡಿಸಿದ್ದರೆ 10.5ರ ಹತ್ತಿರ ಬಂದು ಬಣ್ಣ ಬಯಲಾಗುತ್ತದೆ.

ಆದರೆ ತಕ್ಕಡಿಯ ಗುಣ ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. 0.01 ಗ್ರಾಂ ತೋರಿಸುವ ಅಗ್ಗದ ತಕ್ಕಡಿಯಲ್ಲಿ 0.20 ಎಂಬುದು 0.19 ಅಥವಾ 0.21 ಆಗಬಹುದು, ಆಗ ಉತ್ತರ 17.9ರಿಂದ 16.2ರವರೆಗೆ ತೂಗಾಡುತ್ತದೆ. ಬೆಳ್ಳಿಯೋ ಚಿನ್ನವೋ ಎಂದು ತಿಳಿಯಲು ಅದು ಸಾಕು, ಚಿನ್ನದ ಗುಣ ತಿಳಿಯಲು ಸಾಲದು. 0.001 ಗ್ರಾಂನ ತಕ್ಕಡಿ ಕೊಳ್ಳಿ. ಕಂಠೀರವ ಹಣದಂಥ ಚಿಕ್ಕ ನಾಣ್ಯ ಸರಿಸುವ ನೀರು 0.02 ಗ್ರಾಂ ಮಾತ್ರ, ಅದರ ಮೇಲೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಎಕ್ಸ್‌ಆರ್‌ಎಫ್ ಎಂಬ, ಎಕ್ಸ್-ಕಿರಣದಿಂದ ಲೋಹವನ್ನು ಗುರುತಿಸುವ ಯಂತ್ರವಿರುವ ಕೇಂದ್ರಗಳಲ್ಲಿ ಗೀರಿಲ್ಲದೆ ಪರೀಕ್ಷಿಸಬಹುದು, ಆದರೆ ಅದು ಓದುವುದು ಮೇಲ್ಮೈಯನ್ನಷ್ಟೇ. ಎರಡೂ ಪರೀಕ್ಷೆಗಳ ಉತ್ತರ ಹೊಂದಿದರೆ ಲೋಹದ ಮಟ್ಟಿಗೆ ನಿಶ್ಚಿಂತೆ.

ತೊಳೆಯಬೇಡಿ. ಹುಣಸೆಹಣ್ಣು, ಸೋಪಿನಪುಡಿ, ಹಲ್ಲುಜ್ಜುವ ಪೇಸ್ಟ್ ಯಾವುದೂ ಬೇಡ. ಅಕ್ಷರಗಳ ಸಂದಿನಲ್ಲಿ ಕೂತ ಕೆಂಪು ಮಣ್ಣೇ ಎಷ್ಟೋ ಸಲ ಅಸಲಿತನಕ್ಕೆ ಒಳ್ಳೆಯ ಸಾಕ್ಷಿ. ಮೆತ್ತನೆಯ ಪಿವಿಸಿ ಪೊಟ್ಟಣಗಳು ಕಾಲಕ್ರಮೇಣ ಜಿಗುಟು ಬಿಡುತ್ತವೆ. ಗಡುಸಾದ, ಪಿವಿಸಿ ಇಲ್ಲದ ಪೊಟ್ಟಣ ಅಥವಾ ಕವಚ ಬಳಸಿ. ಸಂಸ್ಥೆಯ ಲಾಟ್ ಚೀಟಿ, ಹಿಂದಿನ ಸಂಗ್ರಾಹಕರ ಹಳೆಯ ಲಕೋಟೆ ಇದ್ದರೆ ಎಸೆಯಬೇಡಿ. ನಾಣ್ಯ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆಗೆ ಮುಂದಿನ ಹರಾಜಿನಲ್ಲಿ ಬೆಲೆಯಿದೆ, ಕಾನೂನಿನ ಎದುರು ಇನ್ನೂ ಹೆಚ್ಚು.

ಕೊನೆಗೆ ಒಂದು ಪಟ್ಟಿ ಮಾಡಿ: ಪ್ರತಿ ನಾಣ್ಯದ ಎರಡೂ ಬದಿಯ ಮತ್ತು ಅಂಚಿನ ಚಿತ್ರ, ತೂಕ, ಅಡ್ಡಳತೆ, ಎಲ್ಲಿ ಎಷ್ಟಕ್ಕೆ ಕೊಂಡದ್ದು, ಮಾರಬೇಕಾದರೆ ಯಾರನ್ನು ಕೇಳಬೇಕು. ಒಂದು ಪ್ರತಿ ಬ್ಯಾಂಕಿನ ಲಾಕರಿನಲ್ಲಿ ನಾಣ್ಯಗಳ ಜೊತೆಗಿರಲಿ, ಇನ್ನೊಂದು ಮನೆಯವರ ಕೈಯಲ್ಲಿ. ಪಟ್ಟಿಯಿಲ್ಲದ ಸಂಗ್ರಹ ಮುಂದಿನ ತಲೆಮಾರಿನ ಕೈಗೆ ಬಂದಾಗ ಮೊದಲು ಹೋಗುವುದು ಚಿನ್ನದ ಅಂಗಡಿಗೆ. ಅಲ್ಲಿ "ಶ್ರೀ ತಲಕಾಡುಗೊಂಡ"ನಿಗೂ ಮುರಿದ ಬಳೆಗೂ ಒಂದೇ ದರ, ಇಬ್ಬರೂ ಅದೇ ಮೂಸೆಗೆ ಬೀಳುತ್ತಾರೆ.